ಊಟದ ಬೋಗಿ: ಅಮೆರಿಕದ ರೈಲುಗಳ ಅಡುಗೆ ಮತ್ತು ಅದರ ಲೆಕ್ಕ

ಒಂದು ತುದಿಯಲ್ಲಿ ಅಡುಗೆಮನೆ, ಉಳಿದ ಭಾಗದಲ್ಲಿ ಮೇಜು ಕುರ್ಚಿಗಳಿರುವ ರೈಲುಗಾಡಿಗೆ ಊಟದ ಬೋಗಿ, ಅಂದರೆ ಡೈನಿಂಗ್ ಕಾರ್ ಎಂದು ಹೆಸರು. ಬೇರೆ ಬೋಗಿಗಳಲ್ಲಿ ಕುಳಿತವರು ಹೊತ್ತಿಗೆ ಸರಿಯಾಗಿ ಅಲ್ಲಿಗೆ ನಡೆದು ಬರುತ್ತಾರೆ, ಉಣ್ಣುತ್ತಾರೆ, ತಮ್ಮ ಜಾಗಕ್ಕೆ ಮರಳುತ್ತಾರೆ. ಟಿಕೆಟ್ ಕೊಂಡವರಿಗೆ ಆ ಬೋಗಿಯಲ್ಲಿ ಸ್ವಂತದ ಸೀಟು ಇರುವುದಿಲ್ಲ. ಪ್ರಯಾಣದರದ ಒಂದು ಕಾಸನ್ನೂ ತರದ ಈ ಭಾರವನ್ನು ಎಂಜಿನ್ ಸಾವಿರಾರು ಮೈಲಿ ಎಳೆಯಬೇಕು. ಊಟದ ಬೆಲೆಯಿಂದ ಅದರ ಖರ್ಚು ಹುಟ್ಟುವುದೂ ಅಪರೂಪ. ಆದರೂ ಅಮೆರಿಕದ ರೈಲು ಕಂಪನಿಗಳು ಸುಮಾರು ನೂರು ವರ್ಷ ಇದನ್ನು ಮುತುವರ್ಜಿಯಿಂದ ನಡೆಸಿದವು. ಅವುಗಳ ಪಾಲಿಗೆ ಊಟದ ಬೋಗಿ ವ್ಯಾಪಾರವಾಗಿರಲಿಲ್ಲ, ಜಾಹೀರಾತಾಗಿತ್ತು. ಅಲ್ಲಿನ ಅಡುಗೆ ಮೇಲ್ಮಟ್ಟಕ್ಕೆ ಏರಿದ್ದಕ್ಕೂ ಕೊನೆಗೆ ಪ್ಲಾಸ್ಟಿಕ್ ಡಬ್ಬಿಗೆ ಇಳಿದದ್ದಕ್ಕೂ ಕಾರಣ ಈ ಒಂದೇ ಲೆಕ್ಕದಲ್ಲಿದೆ.

ಇಪ್ಪತ್ತು ನಿಮಿಷದ ಊಟ

ರೈಲು ಬಂದ ಮೊದಲ ದಶಕಗಳಲ್ಲಿ ಪ್ರಯಾಣಿಕರ ಊಟಕ್ಕೆ ಎರಡೇ ದಾರಿಗಳಿದ್ದವು. ಮನೆಯಿಂದ ಬುತ್ತಿ ಕಟ್ಟಿಕೊಂಡು ಬರಬೇಕು, ಇಲ್ಲವೇ ಎಂಜಿನ್ನಿಗೆ ನೀರು, ಸೌದೆ, ಕಲ್ಲಿದ್ದಲು ತುಂಬಿಸಲು ನಿಲ್ಲುವ ಸ್ಟೇಷನ್ನಿನಲ್ಲಿ ಇಳಿದು ಉಣ್ಣಬೇಕು. ಊಟದ ನಿಲುಗಡೆ ಸಾಮಾನ್ಯವಾಗಿ ಇಪ್ಪತ್ತು ನಿಮಿಷ. ಅಷ್ಟರಲ್ಲಿ ನೂರಾರು ಜನ ಒಂದೇ ಕೋಣೆಗೆ ನುಗ್ಗಿ, ಹಣ ಕೊಟ್ಟು, ಬಡಿಸಿದ್ದನ್ನು ನುಂಗಿ, ಗಂಟೆ ಬಾರಿಸುವ ಮೊದಲು ಗಾಡಿ ಹತ್ತಬೇಕಿತ್ತು. ಅದೇ ಗಿರಾಕಿ ಮರಳಿ ಬರುತ್ತಾನೆಂಬ ಖಾತ್ರಿಯಿಲ್ಲದ ಕಡೆ ರುಚಿಯ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯ ಮಾಲೀಕನಿಗೂ ಇರಲಿಲ್ಲ.

ಇದೇ ಪದ್ಧತಿಯನ್ನು ಸುಧಾರಿಸಿ ಹೆಸರು ಮಾಡಿದವರು ಫ್ರೆಡ್ ಹಾರ್ವಿ. ಲಂಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಇವರು 1876ರಲ್ಲಿ ಕ್ಯಾನ್ಸಸ್ ರಾಜ್ಯದ ಟೊಪೀಕಾ ಸ್ಟೇಷನ್ನಿನಲ್ಲಿ, ಸ್ಯಾಂಟಾ ಫೇ ರೈಲ್ವೆಯ ಆಶ್ರಯದಲ್ಲಿ, ಊಟದ ಮನೆ ನಡೆಸತೊಡಗಿದರು. ರೈಲಿನ ಸಿಬ್ಬಂದಿ ಊಟ ಮಾಡುವವರ ಲೆಕ್ಕವನ್ನು ಮೊದಲೇ ತೆಗೆದುಕೊಂಡು ಮುಂದಿನ ಸ್ಟೇಷನ್ನಿಗೆ ತಂತಿ ಕಳಿಸುತ್ತಿದ್ದರು. ಗಾಡಿ ನಿಲ್ಲುವ ಹೊತ್ತಿಗೆ ಮೇಜು ಸಿದ್ಧವಾಗಿರುತ್ತಿತ್ತು. 1883ರಿಂದ ಬಡಿಸಲು ಯುವತಿಯರನ್ನು ನೇಮಿಸಿಕೊಳ್ಳುವ ಕ್ರಮ ಬಂತು. ಏನು ಕುಡಿಯುತ್ತೀರೆಂದು ಕೇಳಿದಾಕೆ ಅದಕ್ಕೆ ತಕ್ಕಂತೆ ಕಪ್ಪನ್ನು ಬೋರಲು ಹಾಕಿಯೋ ನೆಟ್ಟಗೆ ಇಟ್ಟೋ ಮುಂದೆ ಹೋಗುತ್ತಿದ್ದಳು. ಹಿಂದೆ ಬರುವ ಇನ್ನೊಬ್ಬಾಕೆ ಕಪ್ಪಿನ ಭಂಗಿ ನೋಡಿಯೇ ಕಾಫಿಯೋ ಚಹವೋ ಹಾಲೋ ಎಂದು ತಿಳಿದು, ಮರುಮಾತಿಲ್ಲದೆ ಸುರಿಯುತ್ತಿದ್ದಳು. ಇಪ್ಪತ್ತು ನಿಮಿಷದಲ್ಲೂ ಸಾವಧಾನವಾಗಿ ಉಣ್ಣಬಹುದೆಂದು ಹಾರ್ವಿ ತೋರಿಸಿಕೊಟ್ಟರು. ಆದರೆ ದಿನಕ್ಕೆ ಮೂರು ಸಲ ಗಾಡಿ ನಿಲ್ಲಿಸಿದರೆ ಅಷ್ಟು ಹೊತ್ತು ನಷ್ಟವಾಗುವುದು ತಪ್ಪುವಂತಿರಲಿಲ್ಲ. ಒಂದೇ ಊರಿಗೆ ಹೋಗಲು ಎರಡು ಮೂರು ಕಂಪನಿಗಳ ಹಳಿಗಳು ಪೈಪೋಟಿ ನಡೆಸುತ್ತಿದ್ದ ದೇಶದಲ್ಲಿ ಆ ನಷ್ಟ ದುಬಾರಿಯಾಗಿತ್ತು.

ಡೆಲ್ಮೊನಿಕೊದಿಂದ ವೆಸ್ಟಿಬ್ಯೂಲ್‌ವರೆಗೆ

ಮಲಗುವ ಬೋಗಿಗಳಿಂದ ಹೆಸರಾದ ಜಾರ್ಜ್ ಪುಲ್‌ಮನ್ 1867ರಲ್ಲಿ ‘ಪ್ರೆಸಿಡೆಂಟ್’ ಎಂಬ ಹೋಟೆಲ್ ಬೋಗಿಯನ್ನು ಹಳಿಗೆ ಇಳಿಸಿದರು. ಅದರ ತುದಿಯಲ್ಲೊಂದು ಪುಟ್ಟ ಅಡುಗೆಮನೆ. ಹೊತ್ತಿಗೆ ಸರಿಯಾಗಿ ಸೀಟುಗಳ ನಡುವೆ ಮೇಜು ಜೋಡಿಸಿ ಊಟ, ರಾತ್ರಿ ಅದೇ ಜಾಗದಲ್ಲಿ ಹಾಸಿಗೆ. ಎದ್ದು ಬೇರೆಡೆಗೆ ಹೋಗುವ ಗೋಜಿರಲಿಲ್ಲ. ಆದರೆ ಒಗ್ಗರಣೆಯ ಹೊಗೆಯೂ ಹುರಿದ ಮಾಂಸದ ವಾಸನೆಯೂ ರಾತ್ರಿಯಿಡೀ ಹಾಸಿಗೆಗೆ ಅಂಟಿಕೊಂಡಿರುತ್ತಿದ್ದವು. ಒಂದು ಅಡುಗೆಮನೆಯ ಲಾಭ ಆ ಒಂದು ಬೋಗಿಯವರಿಗೆ ಮಾತ್ರ ಸಿಗುತ್ತಿತ್ತು. ಹೀಗಾಗಿ ಮರುವರ್ಷ, 1868ರಲ್ಲಿ, ಊಟಕ್ಕೆಂದೇ ಕಟ್ಟಿದ ಬೋಗಿ ಷಿಕಾಗೊ ಅಂಡ್ ಆಲ್ಟನ್ ರೈಲ್ವೆಯಲ್ಲಿ ಓಡಿತು. ನ್ಯೂಯಾರ್ಕಿನ ಅತಿ ಪ್ರಸಿದ್ಧ ರೆಸ್ಟೋರೆಂಟಿನ ಹೆಸರನ್ನೇ ಪುಲ್‌ಮನ್ ಅದಕ್ಕೆ ಇಟ್ಟರು: ‘ಡೆಲ್ಮೊನಿಕೊ’.

ಹೊಸ ಬೋಗಿ ಬಂದರೂ ಅಲ್ಲಿಗೆ ಹೋಗುವ ದಾರಿ ಸುಗಮವಾಗಿರಲಿಲ್ಲ. ಬೋಗಿಯಿಂದ ಬೋಗಿಗೆ ದಾಟುವವರು ತೆರೆದ ಜಗಲಿಯ ಮೇಲೆ, ಗಾಳಿ, ಮಳೆ, ಎಂಜಿನ್ನಿನ ಕಿಡಿಗಳ ನಡುವೆ, ಕುಲುಕುವ ಕೊಂಡಿಯ ಮೇಲಿಂದ ಕಾಲಿಡಬೇಕಿತ್ತು. ಉದ್ದ ಲಂಗದ ಹೆಂಗಸರು, ಮಕ್ಕಳು, ಮುದುಕರು ಅದಕ್ಕೆ ಹಿಂಜರಿಯುತ್ತಿದ್ದರು. 1887ರಲ್ಲಿ ಪುಲ್‌ಮನ್ ಕಂಪನಿ ವೆಸ್ಟಿಬ್ಯೂಲ್ ಎಂಬ ಮುಚ್ಚಿದ ದಾರಿಯನ್ನು ಬಳಕೆಗೆ ತಂದಿತು. ಎರಡು ಬೋಗಿಗಳ ನಡುವೆ ಹಾರ್ಮೋನಿಯಂ ತಿದಿಯಂತೆ ಮಡಚಿ ಬಿಚ್ಚಿಕೊಳ್ಳುವ ಗೋಡೆ ಇದು. ಇದರಿಂದ ಇಡೀ ರೈಲು ಒಂದೇ ಉದ್ದನೆಯ ಮನೆಯಾಯಿತು. ಊಟದ ಬೋಗಿ ದೂರದ ಗಾಡಿಗಳಲ್ಲಿ ರೂಢಿಯಾಗಿ ನೆಲೆಯೂರಿದ್ದು ಇದರ ಬಳಿಕವೇ. ಸ್ಯಾಂಟಾ ಫೇ ಕಂಪನಿ 1892ರಲ್ಲಿ ‘ಕ್ಯಾಲಿಫೋರ್ನಿಯಾ ಲಿಮಿಟೆಡ್’ ರೈಲನ್ನು ಹೊರಡಿಸಿ, ಊಟದ ಬೋಗಿಗಳ ಮೇಲ್ವಿಚಾರಣೆಯನ್ನೂ ಹಾರ್ವಿ ಸಂಸ್ಥೆಗೇ ವಹಿಸಿತು. ಇತರ ದೊಡ್ಡ ಕಂಪನಿಗಳು ಕ್ರಮೇಣ ತಮ್ಮದೇ ಊಟದ ವಿಭಾಗಗಳನ್ನು ಕಟ್ಟಿಕೊಂಡವು. ಪುಲ್‌ಮನ್ ಕಂಪನಿ ಹೆಚ್ಚಾಗಿ ಮಲಗುವ ಬೋಗಿಗಳಲ್ಲೇ ಉಳಿಯಿತು.

ಅಡುಗೆಮನೆಯೊಳಗೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಊಟದ ಬೋಗಿ ಸುಮಾರು 80 ಅಡಿ ಉದ್ದ, 10 ಅಡಿ ಅಗಲ. ಒಳಗಿನ ಜಾಗದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಅಡುಗೆಮನೆ ಮತ್ತು ಅದರ ಪಕ್ಕದ ಪ್ಯಾಂಟ್ರಿಗೆ ಹೋಗುತ್ತಿತ್ತು. ಉಳಿದ ಜಾಗದ ಒಂದು ಬದಿಗೆ ನಾಲ್ವರು ಕೂರುವ ಆರು ಮೇಜು, ಇನ್ನೊಂದು ಬದಿಗೆ ಇಬ್ಬರು ಕೂರುವ ಆರು ಮೇಜು, ಒಟ್ಟು 36 ಜನ. ಮುಂದೆ ಎರಡೂ ಬದಿಗೆ ನಾಲ್ವರ ಮೇಜು ಹಾಕಿ 48 ಜನರನ್ನು ಕೂರಿಸುವ ಬೋಗಿಗಳು ಬಂದವು. ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಜಾಗ ಸಾಲುತ್ತಿರಲಿಲ್ಲ. ಆದ್ದರಿಂದ ಒಬ್ಬ ವೇಟರ್ ಮರದ ಪೆಟ್ಟಿಗೆಯ ಮೇಲೆ ಜೋಡಿಸಿದ ಲೋಹದ ಪಟ್ಟಿಗಳನ್ನು ಇಂಪಾಗಿ ಬಾರಿಸುತ್ತ ಬೋಗಿಯಿಂದ ಬೋಗಿಗೆ ನಡೆದು, ಮೊದಲ ಕರೆ, ಎರಡನೆಯ ಕರೆ ಎಂದು ಊಟಕ್ಕೆ ಕೂಗುತ್ತಿದ್ದ.

ಅಡುಗೆಮನೆಯಲ್ಲಿ ಸಾಮಾನ್ಯವಾಗಿ ನಾಲ್ವರು: ಮುಖ್ಯ ಬಾಣಸಿಗ, ಅವನ ಕೈಕೆಳಗೆ ಎರಡನೆಯ, ಮೂರನೆಯ, ನಾಲ್ಕನೆಯ ಅಡುಗೆಯವರು. ನಾಲ್ಕನೆಯವನ ಪಾಲಿಗೆ ಹೆಚ್ಚಾಗಿ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು. ಒಬ್ಬರು ತಿರುಗಿದರೆ ಇನ್ನೊಬ್ಬರಿಗೆ ಮೊಣಕೈ ತಾಗುವಷ್ಟು ಇಕ್ಕಟ್ಟು. ಒಂದು ಬದಿಯ ಉದ್ದಕ್ಕೂ ಕಲ್ಲಿದ್ದಲ ಒಲೆ, ಮಾಂಸ ಸುಡಲು ಇದ್ದಲ ಕೆಂಡದ ಜಾಲರಿ. ಎದುರಿಗೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳು. ನೀರಿನ ತೊಟ್ಟಿ ತಲೆಯ ಮೇಲೆ. ಗಾಡಿ ತಿರುವಿನಲ್ಲಿ ವಾಲಿದಾಗ ಪಾತ್ರೆ ಜಾರದಂತೆ ಒಲೆಯ ಸುತ್ತ ಕಬ್ಬಿಣದ ಕಟಾಂಜನ. ಬೇಸಿಗೆಯ ಮರುಭೂಮಿಯಲ್ಲಿ ಅಲ್ಲಿನ ಕಾವು ಅಸಹನೀಯವಾಗುತ್ತಿತ್ತು. ಈ ಗೂಡಿನಿಂದಲೇ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಆರ್ಡರಿಗೆ ತಕ್ಕಂತೆ ಬಿಸಿ ಅಡುಗೆ ಹೊರಬರಬೇಕಿತ್ತು.

ಹೊರಗೆ ಆರು ಜನ ವೇಟರುಗಳು, ಅವರ ಮೇಲೊಬ್ಬ ಸ್ಟುವರ್ಡ್. ಊಟಕ್ಕೆ ಕುಳಿತವರು ತಮಗೆ ಬೇಕಾದ್ದನ್ನು ಚೀಟಿಯಲ್ಲಿ ತಾವೇ ಪೆನ್ಸಿಲಿನಿಂದ ಬರೆದುಕೊಡಬೇಕು. ಬಾಯಿಮಾತಿನ ಆರ್ಡರ್ ತೆಗೆದುಕೊಳ್ಳಲು ವೇಟರಿಗೆ ಅನುಮತಿಯಿರಲಿಲ್ಲ. ತಂದದ್ದು ನಾನು ಹೇಳಿದ್ದಲ್ಲ ಎಂಬ ತಕರಾರನ್ನೂ ಲೆಕ್ಕಕ್ಕೆ ಸಿಗದ ಊಟವನ್ನೂ ಆ ಚೀಟಿ ಒಟ್ಟಿಗೇ ತಡೆಯುತ್ತಿತ್ತು. ಕಾಫಿಯ ಪಾತ್ರೆ, ಸಕ್ಕರೆಯ ಬಟ್ಟಲು, ತಟ್ಟೆಯ ಮುಚ್ಚಳಗಳೆಲ್ಲ ಬೆಳ್ಳಿಯ ಲೇಪದವು, ತಳ ಭಾರವಾದವು. ನೋಡಲು ವೈಭವ, ಕುಲುಕಿದರೆ ಮಗುಚುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ರಾತ್ರಿಯ ಕೊನೆಯ ಪಂಕ್ತಿ ಎದ್ದ ಮೇಲೆ ಇದೇ ಊಟದ ಹಾಲ್‌ನಲ್ಲಿ ಮೇಜುಗಳನ್ನು ಸರಿಸಿ, ಮಡಚುವ ಮಂಚ ಹಾಕಿಕೊಂಡು ವೇಟರುಗಳು ಮಲಗುವುದೂ ಇತ್ತು. ಬೆಳಕು ಹರಿಯುವ ಮೊದಲೇ ಎದ್ದು ಮಂಚ ಮಡಚಿ ತಿಂಡಿಗೆ ಮೇಜು ಹಾಸಬೇಕು.

ಈ ಬೋಗಿಯ ಬೆನ್ನಿಗೆ ದೊಡ್ಡ ಊರುಗಳಲ್ಲಿ ಕಂಪನಿಯ ಉಗ್ರಾಣಗಳಿದ್ದವು. ಮಾಂಸ ಕತ್ತರಿಸುವುದು, ಬ್ರೆಡ್ ಸುಡುವುದು, ಮೇಜುಬಟ್ಟೆ ಒಗೆದು ಇಸ್ತ್ರಿ ಮಾಡುವುದು ಅಲ್ಲಿಯ ಕೆಲಸ. ಗಾಡಿ ಹೊರಡುವ ಮೊದಲು ಬೋಗಿಗೆ ಏರಿಸಿದ ಪ್ರತಿ ಚಮಚವೂ ಮರಳಿ ಬಂದಾಗ ಎಣಿಕೆಗೆ ಸಿಗಬೇಕಿತ್ತು. ಎಷ್ಟು ಜನ ಉಣ್ಣುತ್ತಾರೆಂಬ ಅಂದಾಜು ಸ್ಟುವರ್ಡನ ತಲೆನೋವು: ಹೆಚ್ಚು ತುಂಬಿಸಿದರೆ ಹಾಳು, ಕಡಿಮೆಯಾದರೆ ಮುಂದಿನ ದೊಡ್ಡ ಸ್ಟೇಷನ್ನಿನವರೆಗೆ ಗತಿಯಿಲ್ಲ.

ಒಂದು ಆಲೂಗಡ್ಡೆಯ ಕೀರ್ತಿ

ಆರಂಭದ ದಿನಗಳಲ್ಲಿ ಪಶ್ಚಿಮದ ಬಯಲುಗಳ ಮೇಲೆ ಓಡುವ ರೈಲುಗಳ ಮೆನುವಿನಲ್ಲಿ ಆ ಸೀಮೆಯ ಜಿಂಕೆ, ಕಾಡುಕೋಳಿಗಳ ಮಾಂಸ ಇರುತ್ತಿತ್ತು. ಬರಬರುತ್ತ ಪ್ರತಿ ಕಂಪನಿಯೂ ತನ್ನ ಹಳಿಯ ಅಕ್ಕಪಕ್ಕದ ಸೀಮೆಯನ್ನೇ ತಟ್ಟೆಗೆ ತಂದು ಹೆಸರು ಮಾಡಲು ಹೊರಟಿತು. ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆ ಚೆಸಪೀಕ್ ಕೊಲ್ಲಿಯ ಏಡಿ, ಸಿಂಪಿ, ಮೀನುಗಳಿಗೆ ಹೆಸರಾಗಿತ್ತು. 1927ರಲ್ಲಿ ಅದು ತನ್ನ ನೂರನೆಯ ವರ್ಷದ ನೆನಪಿಗೆ ನೀಲಿ ಚಿತ್ರಗಳ ಪಿಂಗಾಣಿ ತಟ್ಟೆಗಳನ್ನು ಮಾಡಿಸಿತು. ಸ್ಯಾಂಟಾ ಫೇ ರೈಲುಗಳಲ್ಲಿ ದಪ್ಪ ಬ್ರೆಡ್ಡನ್ನು ಮೊಟ್ಟೆ, ಕೆನೆಯಲ್ಲಿ ಅದ್ದಿ ಕರಿದು, ಓವನ್ನಿನಲ್ಲಿ ಉಬ್ಬಿಸಿ ಕೊಡುವ ಫ್ರೆಂಚ್ ಟೋಸ್ಟ್ ಜನಪ್ರಿಯವಾಗಿತ್ತು.

ಇವೆಲ್ಲವನ್ನೂ ಮೀರಿಸಿದ ಕತೆ ನಾರ್ದರ್ನ್ ಪೆಸಿಫಿಕ್ ರೈಲ್ವೆಯದು. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಬೆಳೆಯುತ್ತಿದ್ದ ಕೆಲವು ಆಲೂಗಡ್ಡೆಗಳು ಒಂದೊಂದು ಒಂದು ಕಿಲೋ, ಅದಕ್ಕೂ ಹೆಚ್ಚು ತೂಗುತ್ತಿದ್ದವು. ಸಿಪ್ಪೆ ದಪ್ಪ, ಬೇಯುವುದು ಕಷ್ಟ ಎಂದು ಕೊಳ್ಳುವವರಿಲ್ಲದೆ ರೈತರು ಅವನ್ನು ಹಂದಿಗಳಿಗೆ ಹಾಕುತ್ತಿದ್ದರು. ಈ ಸಂಗತಿ 1908ರ ಸುಮಾರಿಗೆ ಕಂಪನಿಯ ಊಟದ ವಿಭಾಗದ ಮುಖ್ಯಸ್ಥ ಹೇಜನ್ ಟೈಟಸ್ ಅವರ ಕಿವಿಗೆ ಬಿತ್ತು. ಅವರು ಅವನ್ನು ತರಿಸಿ, ಸಿಪ್ಪೆಸಮೇತ ಹದವಾದ ಉರಿಯಲ್ಲಿ ಬಹಳ ಹೊತ್ತು ಸುಡಿಸಿ ನೋಡಿದರು. ಒಳಗಿನ ತಿರುಳು ಹಿಟ್ಟಿನಂತೆ ಅರಳಿತ್ತು. 1909ರಿಂದ ಸುಟ್ಟ ಇಡೀ ಆಲೂಗಡ್ಡೆಯನ್ನು ನಡುವೆ ಸೀಳಿ, ಬೆಣ್ಣೆಯ ದೊಡ್ಡ ತುಂಡನ್ನಿಟ್ಟು 10 ಸೆಂಟಿಗೆ ಬಡಿಸತೊಡಗಿದರು. ಕಂಪನಿ ತನ್ನನ್ನು ‘ದೊಡ್ಡ ಸುಟ್ಟ ಆಲೂಗಡ್ಡೆಯ ಮಾರ್ಗ’ ಎಂದೇ ಕರೆದುಕೊಂಡಿತು. ಅಂಚೆ ಕಾರ್ಡು, ಚಮಚ, ಜಾಹೀರಾತುಗಳ ಮೇಲೆಲ್ಲ ಆಲೂಗಡ್ಡೆಯ ಚಿತ್ರ. ಸಿಯಾಟಲ್ ನಗರದ ಉಗ್ರಾಣದ ಮಾಡಿನ ಮೇಲೆ ದೈತ್ಯ ಆಲೂಗಡ್ಡೆಯ ಪ್ರತಿಕೃತಿಯೇ ನಿಂತಿತು. ಹತ್ತು ಸೆಂಟಿನ ತಿನಿಸಿನಿಂದ ಬಂದ ಹಣ ಗಣ್ಯವಲ್ಲ. ಅದರ ಹೆಸರು ಕೇಳಿ ಪೈಪೋಟಿಯ ಕಂಪನಿಯನ್ನು ಬಿಟ್ಟು ಈ ಗಾಡಿ ಹತ್ತಿದವರ ಟಿಕೆಟ್ಟಿನಲ್ಲೂ, ಅದೇ ಕಣಿವೆಯಿಂದ ಸಾಗಿದ ಸರಕಿನ ಬಾಡಿಗೆಯಲ್ಲೂ ಕಂಪನಿಗೆ ಲಾಭವಿತ್ತು.

ರೈಲಿನ ಅಡುಗೆಯವರ ಜಾಣತನ ಕೆಲವೊಮ್ಮೆ ಹಳಿ ಬಿಟ್ಟು ಮನೆಗಳಿಗೂ ನಡೆಯಿತು. 1930ರಲ್ಲಿ ಜನರಲ್ ಮಿಲ್ಸ್ ಕಂಪನಿಯ ಕಾರ್ಲ್ ಸ್ಮಿತ್ ಎಂಬ ಅಧಿಕಾರಿ ಸ್ಯಾನ್‌ಫ್ರಾನ್ಸಿಸ್ಕೊ ಕಡೆಗೆ ಹೋಗುವ ರೈಲಿನಲ್ಲಿ ಹೊತ್ತು ಮೀರಿ ಊಟಕ್ಕೆ ಬಂದರು. ಅಷ್ಟು ಹೊತ್ತಿನಲ್ಲೂ ಕೆಲವೇ ನಿಮಿಷಗಳಲ್ಲಿ ಬಿಸಿ ಬಿಸ್ಕೆಟ್, ಅಂದರೆ ಅಮೆರಿಕದವರು ಆ ಹೆಸರಿನಿಂದ ಕರೆಯುವ ಮೆತ್ತನೆಯ ಬನ್ನು, ಮೇಜಿಗೆ ಬಂತು. ಹಿಟ್ಟು, ಕೊಬ್ಬು, ಉಪ್ಪು, ಬೇಕಿಂಗ್ ಪೌಡರ್‌ಗಳನ್ನು ಮೊದಲೇ ಬೆರೆಸಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಬೇಕೆಂದಾಗ ತೆಗೆದು ಸುಡುವುದು ಬಾಣಸಿಗನ ಉಪಾಯವಾಗಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಕೆಡದಿರುವ ಮಿಶ್ರಣವೊಂದನ್ನು ಸಿದ್ಧಪಡಿಸಿ, 1931ರಲ್ಲಿ ‘ಬಿಸ್ಕ್ವಿಕ್’ ಎಂಬ ಹೆಸರಿನಲ್ಲಿ ಕಂಪನಿ ಮಾರುಕಟ್ಟೆಗೆ ತಂದಿತು. ಉಪಾಯ ಕಂಡುಹಿಡಿದ ಬಾಣಸಿಗನ ಹೆಸರು ಡಬ್ಬಿಯ ಮೇಲೆ ಬರಲಿಲ್ಲ.

ಬಡಿಸಿದವರು ಮತ್ತು ಪರದೆ

1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಕೊನೆಗೊಂಡ ಬಳಿಕ, ಬಿಡುಗಡೆಯಾದ ಕಪ್ಪು ಜನರನ್ನು ಪುಲ್‌ಮನ್ ಕಡಿಮೆ ಸಂಬಳಕ್ಕೆ ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಂಡರು. ಊಟದ ಬೋಗಿಗಳಲ್ಲಿಯೂ ಅದೇ ಮಾದರಿ ನೆಲೆಯೂರಿತು. ಅಡುಗೆಯವರು, ವೇಟರುಗಳು ಬಹುಪಾಲು ಕಪ್ಪು ಜನ, ಮೇಲಿನ ಸ್ಟುವರ್ಡ್ ಬಿಳಿಯ. ಸಂಬಳ ಅಲ್ಪ, ಬದುಕು ಗಿರಾಕಿಗಳ ಟಿಪ್ಸ್ ಮೇಲೆ. ಆದರೂ ಆ ಕಾಲದಲ್ಲಿ ಕಪ್ಪು ಸಮುದಾಯಕ್ಕೆ ಸಿಗುತ್ತಿದ್ದ ಸ್ಥಿರವಾದ ಕೆಲಸಗಳಲ್ಲಿ ಇದೂ ಒಂದಾಗಿತ್ತು. ಟೆನೆಸ್ಸಿಯಲ್ಲಿ 1857ರಲ್ಲಿ ಗುಲಾಮರಾಗಿ ಹುಟ್ಟಿದ ರೂಫಸ್ ಎಸ್ಟೀಸ್ 1883ರಿಂದ ಪುಲ್‌ಮನ್ ಕಂಪನಿಯ ಖಾಸಗಿ ಬೋಗಿಗಳಲ್ಲಿ ಅಡುಗೆ ಮಾಡಿ, ಅಧ್ಯಕ್ಷರಿಗೂ ಗಣ್ಯರಿಗೂ ಬಡಿಸಿದರು. 1911ರಲ್ಲಿ ಅವರು ತಮ್ಮ ಪಾಕವಿಧಾನಗಳ ಪುಸ್ತಕವನ್ನು ಪ್ರಕಟಿಸಿದರು. ಕಪ್ಪು ಬಾಣಸಿಗರು ಬರೆದ ಅಮೆರಿಕದ ಆರಂಭದ ಅಡುಗೆ ಪುಸ್ತಕಗಳಲ್ಲಿ ಅದಕ್ಕೆ ಮುಖ್ಯ ಸ್ಥಾನವಿದೆ. ಛಾಯಾಗ್ರಾಹಕರಾಗಿ ಪ್ರಸಿದ್ಧರಾದ ಗಾರ್ಡನ್ ಪಾರ್ಕ್ಸ್ ಕೂಡ ತರುಣ ವಯಸ್ಸಿನಲ್ಲಿ ಊಟದ ಬೋಗಿಯ ವೇಟರ್ ಆಗಿದ್ದರು.

ಕಪ್ಪು ಜನ ಬೇಯಿಸಿ ಬಡಿಸಿದ ಊಟವನ್ನು ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಪ್ರಯಾಣಿಕರು ಎಲ್ಲರ ಸಮಕ್ಕೆ ಕುಳಿತು ಉಣ್ಣುವಂತಿರಲಿಲ್ಲ. ಸದರ್ನ್ ರೈಲ್ವೆಯ ನಿಯಮದಂತೆ ಅಡುಗೆಮನೆಗೆ ಅಂಟಿದ ಕೊನೆಯ ಎರಡು ಮೇಜುಗಳು ಅವರಿಗೆ. ಅವರು ಕುಳಿತಾಗ ನಡುವೆ ಪರದೆ ಎಳೆಯಬೇಕು. ಬಿಳಿಯರ ಮೇಜುಗಳು ತುಂಬಿದರೆ ಆ ಜಾಗವೂ ಬಿಳಿಯರಿಗೆ. 1942ರ ಮೇ 17ರಂದು ಎಲ್ಮರ್ ಹೆಂಡರ್ಸನ್ ಎಂಬ ಕೇಂದ್ರ ಸರ್ಕಾರಿ ಉದ್ಯೋಗಿ ಮೊದಲ ದರ್ಜೆಯ ಟಿಕೆಟ್ಟಿನಲ್ಲಿ ರಾಜಧಾನಿ ವಾಷಿಂಗ್ಟನ್ನಿನಿಂದ ಹೊರಟರು. ಸಂಜೆ ಐದೂವರೆಯ ಹೊತ್ತಿಗೆ ಊಟದ ಬೋಗಿಗೆ ಹೋದಾಗ ಆ ಎರಡು ಮೇಜುಗಳಲ್ಲಿ ಕೆಲವು ಬಿಳಿಯರು ಕುಳಿತಿದ್ದರು. ಒಂದು ಸೀಟಾದರೂ ಖಾಲಿಯಿದ್ದರೂ ಸ್ಟುವರ್ಡ್ ಅವರನ್ನು ಕೂರಿಸಲಿಲ್ಲ. ಅವರ ಸೀಟಿಗೇ ಊಟ ಕಳಿಸುವುದಾಗಿ ಹೇಳಿದಾಗ ಹೆಂಡರ್ಸನ್ ಒಪ್ಪಲಿಲ್ಲ. ಜಾಗವಾದಾಗ ತಿಳಿಸುತ್ತೇವೆಂಬ ಮಾತು ಮಾತಾಗಿಯೇ ಉಳಿಯಿತು. ರಾತ್ರಿ ಒಂಬತ್ತರ ಸುಮಾರಿಗೆ ಗ್ರೀನ್ಸ್‌ಬರೊ ಸ್ಟೇಷನ್ನಿನಲ್ಲಿ ಊಟದ ಬೋಗಿಯನ್ನೇ ಬಿಚ್ಚಿ ಬಿಟ್ಟರು. ಹೆಂಡರ್ಸನ್ ಹೂಡಿದ ದಾವೆ ಎಂಟು ವರ್ಷ ನಡೆಯಿತು. ಮೇಜು ಕಾದಿರಿಸುವುದು, ಪರದೆ ಎಳೆಯುವುದು ಅಂತರರಾಜ್ಯ ವಾಣಿಜ್ಯ ಕಾಯ್ದೆಗೆ ವಿರುದ್ಧ ಎಂದು 1950ರ ಜೂನ್ 5ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 1955ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ರಾಜ್ಯಗಳ ನಡುವೆ ಓಡುವ ರೈಲುಗಳ ಎಲ್ಲ ಬಗೆಯ ಬೇರ್ಪಾಟನ್ನೂ ನಿಷೇಧಿಸಿತು.

ಯುರೋಪ್ ಮತ್ತು ಭಾರತ

ಬ್ರಿಟನ್ನಿನಲ್ಲಿ ಚಲಿಸುವ ರೈಲಿನಲ್ಲೇ ಅಡುಗೆ ಮಾಡಿ ಬಡಿಸಿದ ಮೊದಲ ಬೋಗಿ 1879ರ ನವೆಂಬರ್ 1ರಂದು ಲೀಡ್ಸ್–ಲಂಡನ್ ನಡುವೆ ಓಡಿತು. ಅದೂ ಪುಲ್‌ಮನ್ ಬೋಗಿಯೇ. ಅಲ್ಲಿ ಹಳೆಯ ಕರಾರುಗಳೂ ಅಡ್ಡಿಯಾಗಿದ್ದವು. ಸ್ವಿಂಡನ್ ಸ್ಟೇಷನ್ನಿನ ಉಪಾಹಾರ ಕೋಣೆಯ ಗುತ್ತಿಗೆದಾರರೊಂದಿಗಿನ ಒಪ್ಪಂದದಿಂದಾಗಿ ಗ್ರೇಟ್ ವೆಸ್ಟರ್ನ್ ರೈಲುಗಳು ಹತ್ತು ನಿಮಿಷ ಅಲ್ಲಿ ನಿಲ್ಲಲೇಬೇಕಿತ್ತು. 1895ರಲ್ಲಿ ಕಂಪನಿ ಒಂದು ಲಕ್ಷ ಪೌಂಡ್ ತೆತ್ತು ಆ ಗುತ್ತಿಗೆಯಿಂದ ಬಿಡಿಸಿಕೊಂಡಿತು. ಭೂಖಂಡದ ಯುರೋಪಿನಲ್ಲಿ ಬೆಲ್ಜಿಯಂನ ಜಾರ್ಜ್ ನಾಗೆಲ್‌ಮಾಕರ್ಸ್ ಕಟ್ಟಿದ ವಾಗೊಂ-ಲಿ ಕಂಪನಿ 1883ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಿಂದ ಓರಿಯಂಟ್ ಎಕ್ಸ್‌ಪ್ರೆಸ್ ಹೊರಡಿಸಿತು. ಅದರ ಊಟದ ಬೋಗಿ ಫ್ರೆಂಚ್ ಅಡುಗೆಯನ್ನು ಗಡಿಗಳಾಚೆ ಕೊಂಡೊಯ್ದಿತು. ಇದೇ ಕಂಪನಿಯ 2419 ಡಿ ಸಂಖ್ಯೆಯ ಊಟದ ಬೋಗಿಯನ್ನು ಕಚೇರಿಯಾಗಿ ಮಾರ್ಪಡಿಸಿ, 1918ರ ನವೆಂಬರ್ 11ರಂದು ಅದರಲ್ಲಿಯೇ ಮೊದಲ ಮಹಾಯುದ್ಧದ ಕದನವಿರಾಮಕ್ಕೆ ಸಹಿ ಹಾಕಲಾಯಿತು. 1940ರ ಜೂನ್‌ನಲ್ಲಿ ಸೋತ ಫ್ರಾನ್ಸಿನಿಂದ ಹಿಟ್ಲರ್ ಸಹಿ ಹಾಕಿಸಿಕೊಂಡದ್ದೂ ಅದೇ ಬೋಗಿಯಲ್ಲಿ.

ಭಾರತದಲ್ಲಿ ಬ್ರಿಟಿಷರ ಕಾಲದ ಊಟದ ಬೋಗಿಗಳು ಮೇಲ್ದರ್ಜೆಯವರಿಗೆ ಸೀಮಿತವಾಗಿದ್ದವು. ಮಡಿ–ಮೈಲಿಗೆ, ಮಾಂಸ–ಸಸ್ಯಾಹಾರಗಳ ಕಟ್ಟುಪಾಡಿನ ನಡುವೆ ಸ್ಟೇಷನ್ನುಗಳಲ್ಲಿ ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ಕುಡಿಯುವ ನೀರು, ಬೇರೆ ಬೇರೆ ಉಪಾಹಾರ ಕೋಣೆಗಳಿದ್ದವು. ಇಂದು ದೂರದ ರೈಲುಗಳಲ್ಲಿರುವುದು ಪ್ಯಾಂಟ್ರಿ ಕಾರ್. ಅದರಲ್ಲಿ ಅಡುಗೆಮನೆ ಇದೆ, ಉಣ್ಣುವ ಹಾಲ್ ಇಲ್ಲ. ತಿಂಡಿ ಊಟಗಳು ಸೀಟಿಗೇ ಬರುತ್ತವೆ. ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಪ್ರಯಾಣಿಸುವ ಗಾಡಿಗೆ ನಲವತ್ತು ಐವತ್ತು ಕುರ್ಚಿಗಳ ಹಾಲ್ ಸಾಲುವುದಿಲ್ಲವೆಂಬುದು ಇದರ ಹಿಂದಿನ ಲೆಕ್ಕ. 1930ರ ಜೂನ್ 1ರಂದು ಮುಂಬಯಿ–ಪುಣೆ ನಡುವೆ ಆರಂಭವಾದ ಡೆಕ್ಕನ್ ಕ್ವೀನ್ ರೈಲು ಮೇಜು ಕುರ್ಚಿಗಳ ಊಟದ ಬೋಗಿಯನ್ನು ಈ ಕಾಲದವರೆಗೂ ಉಳಿಸಿಕೊಂಡು ಬಂದಿದೆ. ಅದರ ಚೀಸ್ ಟೋಸ್ಟ್, ಆಮ್ಲೆಟ್‌ಗಳಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಗೋಲ್ಡನ್ ಚಾರಿಯಟ್ ಪ್ರವಾಸಿ ರೈಲಿನಲ್ಲಿ ‘ನಳ’, ‘ರುಚಿ’ ಎಂಬ ಎರಡು ಊಟದ ಬೋಗಿಗಳಿವೆ. ಅಲ್ಲಿ ಊಟದ ಖರ್ಚು ಪ್ರವಾಸದ ದರದೊಳಗೇ ಸೇರಿರುವುದರಿಂದ ಬೋಗಿ ತನ್ನ ಲೆಕ್ಕ ತಾನೇ ಒಪ್ಪಿಸಬೇಕಿಲ್ಲ.

ಇಳಿಗಾಲ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೈಲುಗಳು ಸೈನಿಕರಿಂದ ತುಂಬಿ ತುಳುಕಿದವು. ಯುದ್ಧ ಮುಗಿದ ಮೇಲೆ ಕಂಪನಿಗಳು ಹೊಳೆಯುವ ಉಕ್ಕಿನ ಹೊಸ ಗಾಡಿಗಳನ್ನು ಕೊಂಡವು. ಯೂನಿಯನ್ ಪೆಸಿಫಿಕ್ 1955ರಲ್ಲಿ ಗಾಜಿನ ಗುಮ್ಮಟದಡಿ ಕುಳಿತು ಉಣ್ಣುವ ಬೋಗಿಗಳನ್ನೂ ತಂದಿತು. ಅಷ್ಟರಲ್ಲಾಗಲೇ ಜನ ಕಾರು ಹತ್ತಿದ್ದರು. 1956ರ ಹೆದ್ದಾರಿ ಕಾಯ್ದೆ, 1958ರಿಂದ ಬಂದ ಜೆಟ್ ವಿಮಾನಗಳು ದೂರದ ಪ್ರಯಾಣಿಕರನ್ನು ಕಿತ್ತುಕೊಂಡವು. 1967ರಲ್ಲಿ ಅಂಚೆ ಇಲಾಖೆ ರೈಲುಗಳಿಂದ ಟಪಾಲನ್ನು ದೊಡ್ಡ ಪ್ರಮಾಣದಲ್ಲಿ ಹಿಂತೆಗೆದುಕೊಂಡದ್ದರಿಂದ ಆ ಆದಾಯವೂ ಬಹುಮಟ್ಟಿಗೆ ನಿಂತಿತು. ಪ್ರಯಾಣಿಕರನ್ನೇ ಬೇಡವೆನ್ನುವ ಸ್ಥಿತಿಗೆ ಬಂದ ಕಂಪನಿಗೆ ಜಾಹೀರಾತಿನ ಊಟ ಯಾಕೆ ಬೇಕು? ಮೊದಲು ಮೇಜುಬಟ್ಟೆ ಹೋಯಿತು, ಬಳಿಕ ಬಾಣಸಿಗ ಹೋದ. ಸದರ್ನ್ ಪೆಸಿಫಿಕ್ ಕೆಲವು ರೈಲುಗಳಲ್ಲಿ ಊಟದ ಬೋಗಿಯ ಬದಲು ನಾಣ್ಯ ಹಾಕಿ ತಿನಿಸು ತೆಗೆದುಕೊಳ್ಳುವ ಯಂತ್ರಗಳ ಬೋಗಿಯನ್ನು ಜೋಡಿಸಿತು.

1971ರ ಮೇ 1ರಂದು ಸರ್ಕಾರ ಸ್ಥಾಪಿಸಿದ ಆಮ್‌ಟ್ರ್ಯಾಕ್ ಸಂಸ್ಥೆ ದೂರದ ಬಹುಪಾಲು ಪ್ರಯಾಣಿಕ ರೈಲುಗಳ ಹೊಣೆ ಹೊತ್ತಿತು. 1979ರಿಂದ ಪಶ್ಚಿಮದ ಮಾರ್ಗಗಳಿಗೆ ಬಂದ ಎರಡಂತಸ್ತಿನ ಬೋಗಿಗಳಲ್ಲಿ ಅಡುಗೆಮನೆ ಕೆಳಗೆ, 72 ಜನರ ಊಟದ ಹಾಲ್ ಮೇಲೆ. ಬೇಯಿಸಿದ್ದನ್ನು ಮೇಲಕ್ಕೇರಿಸಲು ಪುಟ್ಟ ಲಿಫ್ಟ್. ಊಟದ ನಷ್ಟದ ಪ್ರಶ್ನೆ ಮಾತ್ರ ಹಿಂದಿನಂತೆಯೇ ಉಳಿಯಿತು. 2015ರ ಸಾರಿಗೆ ಕಾಯ್ದೆ ರೈಲುಗಳ ಊಟ–ತಿಂಡಿಯ ನಷ್ಟವನ್ನು ಐದು ವರ್ಷಗಳಲ್ಲಿ ಇಲ್ಲವಾಗಿಸಬೇಕೆಂದು ವಿಧಿಸಿತು. ಅದರ ಫಲವಾಗಿ 2018–19ರಲ್ಲಿ ಪೂರ್ವದ ಹಲವು ರೈಲುಗಳಲ್ಲಿ ಒಲೆ ಆರಿತು. ಹೊರಗೆ ತಯಾರಿಸಿದ ಊಟ ಡಬ್ಬಿಗಳಲ್ಲಿ ಬಂತು. ಪ್ರಯಾಣಿಕರ ಅಸಮಾಧಾನ ಜೋರಾಗಿಯೇ ಕೇಳಿಬಂತು. ಬಳಿಕ ಪಶ್ಚಿಮದ ದೂರದ ರೈಲುಗಳಲ್ಲೂ ಇದೇ ಆಯಿತು; 2021ರ ಜೂನ್‌ನಲ್ಲಿ ಅವುಗಳ ಮಲಗುವ ಬೋಗಿಯವರಿಗೆ ಗಾಡಿಯಲ್ಲೇ ಬೇಯಿಸಿದ ಊಟ ಮರಳಿತು. ಅದೇ ವರ್ಷದ ಮೂಲಸೌಕರ್ಯ ಕಾಯ್ದೆ ನಷ್ಟ ನಿವಾರಣೆಯ ಷರತ್ತನ್ನು ಕೈಬಿಟ್ಟಿತು. ಊಟದ ಬೋಗಿಯನ್ನು ಅದರ ಗಲ್ಲಾಪೆಟ್ಟಿಗೆಯಿಂದಷ್ಟೇ ಅಳೆಯಲಾಗದೆಂಬ ಹಳೆಯ ಕಂಪನಿಗಳ ತಿಳುವಳಿಕೆಗೆ ಹೀಗೆ ಕಾನೂನಿನಲ್ಲೂ ಎಡೆ ಸಿಕ್ಕಿತು.